ಬೇರಿನ ಬೆಲೆ, ಮಗನ ಋಣ: ಚೀನಾದ ಬಲವರ್ಧಕ ಮೂಲಿಕೆಗಳ ಚರಿತ್ರೆಯಿಂದ

ಕ್ರಿ.ಶ. 1712ರಲ್ಲಿ ಚೀನಾದ ಯಾಂಗ್‌ಝೌ ನಗರದಲ್ಲಿ ತ್ಸಾವ್ ಯಿನ್ ಎಂಬ ಅಧಿಕಾರಿ ಚಳಿಜ್ವರದಿಂದ ಹಾಸಿಗೆ ಹಿಡಿದನು. ಈತ ಸಾಮಾನ್ಯನಲ್ಲ. ನಾನ್‌ಜಿಂಗಿನ ರಾಜಕೀಯ ನೇಯ್ಗೆ ಕಾರ್ಯಾಗಾರದ ಮೇಲ್ವಿಚಾರಕ. ಚಕ್ರವರ್ತಿ ಕಾಂಗ್ಶಿಗೆ ಬಾಲ್ಯದಿಂದ ಆಪ್ತ. ತಾಂಗ್ ರಾಜವಂಶದ ಕಾಲದ ಸಮಗ್ರ ಕಾವ್ಯವನ್ನು, ಸುಮಾರು 49,000 ಕವಿತೆಗಳನ್ನು, ಅಚ್ಚು ಹಾಕಿಸಿದ ವಿದ್ವಾಂಸ. ರೋಗದ ಸುದ್ದಿಯನ್ನು ಸುಝೌ ನಗರದ ಮೇಲ್ವಿಚಾರಕ ಲಿ ಶು ಅರಮನೆಗೆ ಬರೆದು ತಿಳಿಸಿದಾಗ, ಚಕ್ರವರ್ತಿ ಆ ಪತ್ರದ ಮೇಲೆಯೇ ಕೆಂಪು ಮಸಿಯಲ್ಲಿ ಉತ್ತರ ಬರೆದನು. ಪಾಶ್ಚಾತ್ಯ ಪಾದ್ರಿಗಳಿಂದ ತಾನು ಪಡೆದಿದ್ದ ಸಿಂಕೋನ ತೊಗಟೆಯ ಔಷಧವನ್ನು ಒಂಬತ್ತು ದಿನಗಳೊಳಗೆ ತಲುಪುವಂತೆ ಅಂಚೆಯ ಕುದುರೆಗಳ ಮೇಲೆ ಕಳುಹಿಸಿದನು. ಅದೇ ಟಿಪ್ಪಣಿಯಲ್ಲಿ ಇನ್ನೊಂದು ಮಾತೂ ಇತ್ತು: ದಕ್ಷಿಣದ ಅರೆಬೆಂದ ವೈದ್ಯರು ಸದಾ ಬಲವರ್ಧಕಗಳನ್ನೇ ಕೊಟ್ಟು ಎಣಿಕೆಯಿಲ್ಲದಷ್ಟು ಜನರಿಗೆ ಹಾನಿ ಮಾಡಿದ್ದಾರೆ, ತ್ಸಾವ್ ಯಿನ್‌ನಿಗೆ ಮೊದಲಿನಿಂದ ಜಿನ್ಸೆಂಗ್ ತಿನ್ನುವ ಒಲವು, ಈಗಿನ ಕಾಯಿಲೆ ಬಂದದ್ದೂ ಆ ಜಿನ್ಸೆಂಗ್‌ನಿಂದಲೇ ಎಂದು ಚಕ್ರವರ್ತಿಯ ಅಭಿಪ್ರಾಯ. ಔಷಧ ತಲುಪುವ ಮೊದಲೇ ರೋಗಿ ತೀರಿಕೊಂಡನು.

ಜಿನ್ಸೆಂಗ್ ಬೆಳೆಯುವ ಮಂಚೂರಿಯದ ಕಾಡುಗಳ ಒಡೆಯ ಇದೇ ಕಾಂಗ್ಶಿ. ಅವನ ವಂಶದ ಬೊಕ್ಕಸಕ್ಕೆ ಆ ಬೇರಿನಿಂದ ಬರುತ್ತಿದ್ದ ಆದಾಯ ಸಣ್ಣದಲ್ಲ. ಹೀಗಿದ್ದೂ ಆತ ಅದನ್ನು ಅತಿಯಾಗಿ ತಿನ್ನಬಾರದೆಂದು ಎಚ್ಚರಿಸುತ್ತಾನೆ. ಚೀನಾದ ಬಲವರ್ಧಕ ಮೂಲಿಕೆಗಳ ಕುರಿತು ಇಂದು ಬರುವ ಬರಹಗಳಲ್ಲಿ ಹೆಚ್ಚಿನವು ದೀರ್ಘಾಯುಷ್ಯದ ಹೊಗಳಿಕೆಯಲ್ಲಿ ಮುಗಿಯುತ್ತವೆ. ಆ ಮೂಲಿಕೆಗಳನ್ನು ಕುರಿತ ಅತ್ಯಂತ ಕಟುವಾದ ವಿಮರ್ಶೆ ಆ ಪರಂಪರೆಯ ಒಳಗಿನಿಂದ, ಅದರ ಶ್ರೇಷ್ಠ ವೈದ್ಯರಿಂದಲೇ ಬಂದಿತೆಂಬ ಸಂಗತಿ ಅಲ್ಲಿ ಕಾಣಿಸುವುದು ಅಪರೂಪ.

ಬಲವರ್ಧಕಕ್ಕೆ ಚೀನೀ ಭಾಷೆಯಲ್ಲಿ ಇರುವ ಪದ ‘ಬು’. ಅದನ್ನು ಬರೆಯುವ ಅಕ್ಷರದ ಎಡಭಾಗದಲ್ಲಿ ಬಟ್ಟೆಯ ಸಂಕೇತವಿದೆ. ಹರಿದ ಉಡುಪಿಗೆ ತೇಪೆ ಹಾಕುವುದು ಆ ಪದದ ಮೂಲಾರ್ಥ. ಹರಿದಿದ್ದರೆ ಮಾತ್ರ ತೇಪೆ ಬೇಕು. ಹರಿಯದ ಬಟ್ಟೆಗೆ ತೇಪೆ ಹಾಕಿದರೆ ಬಟ್ಟೆ ಕೆಡುತ್ತದೆ. ಮುಂದೆ ನಡೆದ ವಾದಗಳೆಲ್ಲ ಈ ಒಂದು ಅಕ್ಷರದೊಳಗೆ ಅಡಗಿದ್ದವೆಂದರೆ ತಪ್ಪಾಗಲಾರದು. ‘ಬು’ಗೆ ಎದುರಾದ ಕ್ರಿಯೆ ‘ಶಿಯೆ’, ಅಂದರೆ ಹೊರಹಾಕುವುದು. ಆಯುರ್ವೇದದ ಪರಿಚಯವಿರುವವರಿಗೆ ಬೃಂಹಣ, ಲಂಘನ ಎಂಬ ಜೋಡಿ ಇಲ್ಲಿ ನೆನಪಾಗುವುದು ಸಹಜ. ಎರಡೂ ಪರಂಪರೆಗಳು ಪೂರ್ತಿ ಒಂದೇ ಅಲ್ಲವಾದರೂ, ತುಂಬುವುದು ಮತ್ತು ಬರಿದು ಮಾಡುವುದು ಎಂಬ ಪ್ರಶ್ನೆಯನ್ನು ಎರಡೂ ಎದುರಿಸಿವೆ.

ಕೊರತೆ ಎಲ್ಲಿದೆ ಎಂಬುದನ್ನು ಅನುಸರಿಸಿ ಬಲವರ್ಧಕಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುವ ಕ್ರಮ ಇಂದು ರೂಢಿಯಲ್ಲಿದೆ. ‘ಚಿ’ ಎಂಬ ಪ್ರಾಣಶಕ್ತಿ ಕುಂದಿದರೆ ಜಿನ್ಸೆಂಗ್, ಹುವಾಂಗ್‌ಚಿ; ರಕ್ತ ಕುಂದಿದರೆ ದಾಂಗ್‌ಗುಯಿ, ಬೇಯಿಸಿದ ದಿಹುವಾಂಗ್; ತಂಪಿನ, ತೇವದ ಅಂಶವಾದ ‘ಯಿನ್’ ಒಣಗಿದರೆ ಒಂದು ಗುಂಪು; ಬಿಸಿಯ, ಚಲನೆಯ ಅಂಶವಾದ ‘ಯಾಂಗ್’ ಆರಿದರೆ ಜಿಂಕೆಯ ಎಳೆಗೊಂಬು ಮೊದಲಾದ ಇನ್ನೊಂದು ಗುಂಪು. ಮೂಲಿಕೆಗಳೆಂದು ಹೇಳಿದರೂ ಪಟ್ಟಿಯಲ್ಲಿ ಪ್ರಾಣಿಗಳ ಕೊಂಬು, ಚರ್ಮಗಳೂ ಸೇರಿವೆ. ಕತ್ತೆಯ ಚರ್ಮವನ್ನು ಕುದಿಸಿ ತೆಗೆಯುವ ಅಂಟು ಪ್ರಾಚೀನ ಪಟ್ಟಿಯಲ್ಲಿಯೇ ಇದೆ. ಅದಕ್ಕಾಗಿ ಇಂದು ಆಫ್ರಿಕದ ಕತ್ತೆಗಳು ಎಷ್ಟು ಬಲಿಯಾದವೆಂದರೆ, 2024ರ ಫೆಬ್ರವರಿಯಲ್ಲಿ ಆಫ್ರಿಕನ್ ಒಕ್ಕೂಟವು ಚರ್ಮಕ್ಕಾಗಿ ಕತ್ತೆಗಳನ್ನು ಕೊಲ್ಲುವುದನ್ನು ನಿಷೇಧಿಸಬೇಕಾಯಿತು.

ಆ ಪ್ರಾಚೀನ ಪಟ್ಟಿಯ ಹೆಸರು ‘ಷೆನ್‌ನೋಂಗ್ ಬೆನ್‌ತ್ಸಾವ್ ಜಿಂಗ್’. ಬೇಸಾಯವನ್ನು ಕಲಿಸಿದನೆಂದು ನಂಬಲಾದ ಪುರಾಣಪುರುಷನ ಹೆಸರನ್ನು ಹೊತ್ತ ಈ ಗ್ರಂಥ ಸುಮಾರು 2000 ವರ್ಷಗಳ ಹಿಂದೆ ರೂಪುಗೊಂಡಿತು. ವರ್ಷದ ದಿನಗಳಿಗೆ ಸರಿಯಾಗಿ 365 ದ್ರವ್ಯಗಳು. ಅವುಗಳಲ್ಲಿ ಮೇಲಿನ ದರ್ಜೆಯವು 120, ನಡುವಿನವು 120, ಕೆಳಗಿನವು 125. ಕೆಳದರ್ಜೆಯವು ರೋಗವನ್ನು ಹೊಡೆಯುವ, ವಿಷವುಳ್ಳ ದ್ರವ್ಯಗಳು, ಬಹುಕಾಲ ಸೇವಿಸಬಾರದು. ಮೇಲ್ದರ್ಜೆಯವು ಅರಸರಿದ್ದಂತೆ; ವಿಷವಿಲ್ಲದವು; ಎಷ್ಟು ಕಾಲ ಸೇವಿಸಿದರೂ ಕೇಡಿಲ್ಲ, ಆಯುಸ್ಸು ಹೆಚ್ಚುತ್ತದೆ. ಜಿನ್ಸೆಂಗ್ ಇರುವುದು ಈ ಮೇಲಿನ ದರ್ಜೆಯಲ್ಲಿ. ಆದರೆ ಅದೇ ದರ್ಜೆಯ ಖನಿಜಗಳಲ್ಲಿ ಮೊದಲ ಸ್ಥಾನ ಪಡೆದದ್ದು ಪಾದರಸದ ಅದಿರಾದ ಇಂಗಲೀಕ! ಈ ವರ್ಗೀಕರಣವನ್ನು ಅಕ್ಷರಶಃ ನಂಬಿದವರು ತೆತ್ತ ಬೆಲೆ ದೊಡ್ಡದು. 846ರಲ್ಲಿ ತಾಂಗ್ ಚಕ್ರವರ್ತಿ ವುಝೋಂಗ್ ತನ್ನ ಮೂವತ್ತರ ಆಸುಪಾಸಿನಲ್ಲಿ ಅಮೃತಗುಳಿಗೆಗಳ ಸೇವನೆಯಿಂದ ಸತ್ತನು. ಇದಕ್ಕೂ ಮೊದಲು, 648ರಲ್ಲಿ, ಭಾರತದಿಂದ ಕರೆದೊಯ್ಯಲಾದ ನಾರಾಯಣಸ್ವಾಮಿ ಎಂಬಾತ ತನ್ನ ವಯಸ್ಸು ಇನ್ನೂರು ಎಂದು ಹೇಳಿಕೊಂಡು ಚಕ್ರವರ್ತಿ ತಾಯ್‌ಝೋಂಗ್‌ನಿಗೆ ಆಯುಷ್ಯದ ಔಷಧ ತಯಾರಿಸತೊಡಗಿದ್ದನು. ಮರುವರ್ಷ ಚಕ್ರವರ್ತಿ ತೀರಿಕೊಂಡನು. ಮರುಳು ಮಾಡುವವರೂ ಮರುಳಾಗುವವರೂ ಒಂದೇ ದೇಶದ ಸೊತ್ತಲ್ಲ.

ಖನಿಜಗಳಿಗಿಂತ ಬೇರುಗಳು ಎಷ್ಟೋ ಸೌಮ್ಯ. ಆದರೂ ದರ್ಜೆಯ ಹೊಗಳಿಕೆ ಬೇರುಗಳ ಸುತ್ತಲೂ ಕಥೆಗಳನ್ನು ಹೆಣೆಯಿತು. 9ನೆಯ ಶತಮಾನದ ಲೇಖಕ ಲಿ ಆವ್ ಬರೆದ ಒಂದು ಕಥೆಯಲ್ಲಿ, ಮಕ್ಕಳಿಲ್ಲದ ಒಬ್ಬಾತ ಕುಡಿದು ಬೆಟ್ಟದಲ್ಲಿ ಮಲಗಿರುತ್ತಾನೆ. ಎಚ್ಚರವಾದಾಗ ದೂರದೂರ ಬೆಳೆದ ಎರಡು ಬಳ್ಳಿಗಳು ಒಂದನ್ನೊಂದು ಸುತ್ತಿ, ಬಿಡಿಸಿಕೊಂಡು, ಮತ್ತೆ ಸುತ್ತುವುದನ್ನು ಕಾಣುತ್ತಾನೆ. ಅದರ ಗಡ್ಡೆಯನ್ನು ತಿಂದು ಮಕ್ಕಳನ್ನು ಪಡೆಯುತ್ತಾನೆ. ಮೊಮ್ಮಗ ಹೆ ಷೌವು ಮುಪ್ಪಿನಲ್ಲಿಯೂ ಕಪ್ಪುಗೂದಲಿನವನಾಗಿ ಬಾಳಿದನು. ಗಡ್ಡೆಗೆ ಅವನ ಹೆಸರೇ ನಿಂತಿತು. ಕೂದಲು ಕಪ್ಪಾಗಿಸುವ ಔಷಧವೆಂದು ಈ ಗಡ್ಡೆ ಇಂದಿಗೂ ಮಾರಾಟವಾಗುತ್ತದೆ. ಅದನ್ನು ಸೇವಿಸಿದವರಲ್ಲಿ ಯಕೃತ್ತು ಕೆಟ್ಟ ಪ್ರಕರಣಗಳು ಆಧುನಿಕ ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ.

ನುರಿತ ವೈದ್ಯರ ಕೈಯಲ್ಲಿ ಈ ಮೂಲಿಕೆಗಳು ಒಂಟಿಯಾಗಿ ಬರುವುದು ಅಪರೂಪ. ಸೋಂಗ್ ರಾಜವಂಶದ ಕಾಲದ ಸರ್ಕಾರಿ ಔಷಧಾಲಯದ ಗ್ರಂಥದಲ್ಲಿರುವ ‘ನಾಲ್ವರು ಸಜ್ಜನರ ಕಷಾಯ’ವನ್ನು ನೋಡಬಹುದು. ಜಿನ್ಸೆಂಗ್, ಬಾಯ್‌ಝು ಎಂಬ ಬೇರು, ಫುಲಿಂಗ್ ಎಂಬ ಶಿಲೀಂಧ್ರ, ಜ್ಯೇಷ್ಠಮಧು ಇವೇ ಆ ನಾಲ್ವರು. ಯಾರೂ ಅತಿಗೆ ಹೋಗದವರು ಎಂಬ ಕಾರಣಕ್ಕೆ ಆ ಹೆಸರು. ಜಿನ್ಸೆಂಗ್ ಜಠರದ ಶಕ್ತಿಯನ್ನು ತುಂಬುತ್ತದೆ. ಫುಲಿಂಗ್ ಕೆಟ್ಟ ತೇವವನ್ನು ಮೂತ್ರದ ಮೂಲಕ ಇಳಿಸುತ್ತದೆ. ಇನ್ನೂ ಸೊಗಸಾದ ನಿದರ್ಶನ 11ನೆಯ ಶತಮಾನದ ಮಕ್ಕಳ ವೈದ್ಯ ಚಿಯಾನ್ ಯಿ ಹೊಂದಿಸಿದ ಆರು ದ್ರವ್ಯಗಳ ದಿಹುವಾಂಗ್ ಗುಳಿಗೆ. ದಿಹುವಾಂಗ್ ಎಂಬುದು ಹಳದಿ ಬೇರು. ಅಕ್ಕಿಯ ಮದ್ಯದಲ್ಲಿ ನೆನೆಸಿ, ಹಬೆಯಲ್ಲಿ ಬೇಯಿಸಿ, ಬಿಸಿಲಿಗೆ ಒಣಗಿಸುವುದನ್ನು ಒಂಬತ್ತು ಬಾರಿ ಮಾಡಿದರೆ ಹುಣಸೆಹಣ್ಣಿನಂತೆ ಕಪ್ಪಾಗಿ, ಮೆತ್ತಗೆ ಸಿಹಿಯಾಗುತ್ತದೆ. ಚಿಯಾನ್ ಯಿಯ ಅಳತೆಯಲ್ಲಿ ಅದು 8 ಭಾಗ, ತುಂಬುವ ಇನ್ನೆರಡು ದ್ರವ್ಯಗಳು ತಲಾ 4 ಭಾಗ. ಅವುಗಳ ಎದುರಿಗೆ ಬಸಿಯುವ ಮೂರು ದ್ರವ್ಯಗಳು ತಲಾ 3 ಭಾಗ. ಮೂರು ತುಂಬುತ್ತವೆ, ಮೂರು ಬಸಿಯುತ್ತವೆ. ಬಾಗಿಲು ಮುಚ್ಚಿದ ಮನೆಗೆ ಧಾನ್ಯ ಸುರಿಯುವುದು ಬೇರೆ, ಹಿತ್ತಲ ಬಾಗಿಲು ತೆರೆದಿಟ್ಟು ತುಂಬುವುದು ಬೇರೆ ಎಂಬ ತಿಳಿವಳಿಕೆ ಈ ಅಳತೆಯಲ್ಲಿದೆ.

12 ಮತ್ತು 13ನೆಯ ಶತಮಾನಗಳ ಉತ್ತರ ಚೀನಾದಲ್ಲಿ ಈ ಸಮತೋಲನದ ಬಗ್ಗೆಯೇ ದೊಡ್ಡ ಭಿನ್ನಾಭಿಪ್ರಾಯ ಹುಟ್ಟಿತು. ಝಾಂಗ್ ತ್ಸೋಂಗ್‌ಝೆಂಗ್ (1156–1228) ಬೆವರಿಸುವುದು, ವಾಂತಿ ಮಾಡಿಸುವುದು, ಭೇದಿ ಮಾಡಿಸುವುದು ಎಂಬ ಮೂರು ಉಪಾಯಗಳನ್ನು ನೆಚ್ಚಿದವನು. ರೋಗವೆಂಬುದು ದೇಹಕ್ಕೆ ಸೇರಿದ ವಸ್ತುವಲ್ಲ. ಹೊರಗಿನಿಂದ ಬಂದದ್ದೋ ಒಳಗೆ ಕೆಟ್ಟು ಹುಟ್ಟಿದ್ದೋ ಆದ ಅದನ್ನು ಮೊದಲು ಹೊರಹಾಕಬೇಕು. ಆಮೇಲೆ ದೇಹವನ್ನು ತುಂಬುವ ಕೆಲಸ ಅನ್ನ, ತರಕಾರಿ, ಹಣ್ಣುಗಳದು ಎಂದು ಆತ ವಾದಿಸಿದನು. ನಮ್ಮ ಸುಶ್ರುತಸಂಹಿತೆಯೂ ಶುದ್ಧಿಯಾಗದ ದೇಹಕ್ಕೆ ರಸಾಯನ ಕೊಡುವುದನ್ನು ಕೊಳೆಬಟ್ಟೆಗೆ ಬಣ್ಣ ಹಾಕುವುದಕ್ಕೆ ಹೋಲಿಸಿದೆ. ಝಾಂಗ್‌ನ ಗ್ರಂಥದ ಶೀರ್ಷಿಕೆ ಗಮನಾರ್ಹ: ‘ರೂಮೆನ್ ಷಿಚಿನ್’, ಅಂದರೆ ಕನ್‌ಫ್ಯೂಷಿಯಸ್ ಪಂಥದವರು ಹೆತ್ತವರ ಸೇವೆ ಮಾಡುವ ಬಗೆ. ವೈದ್ಯವನ್ನು ಅರಿಯದವನು ತಂದೆತಾಯಿಗಳನ್ನು ಸರಿಯಾಗಿ ಸೇವಿಸಲಾರ ಎಂಬ ಭಾವ ಅದರಲ್ಲಿದೆ. ಬಲವರ್ಧಕವನ್ನು ತಂದುಕೊಡುವುದೇ ಸೇವೆಯಲ್ಲ. ಬೇಡವೆನ್ನುವ ಅರಿವೂ ಸೇವೆಯೇ.

ಇದಕ್ಕೆ ಎದುರಾಗಿ ನಿಂತವನು ಲಿ ಗಾವ್ (1180–1251). ಅವನ ಸಿದ್ಧಾಂತ ಮುತ್ತಿಗೆಯ ನಗರದಲ್ಲಿ ಹುಟ್ಟಿತು. 1232ರಲ್ಲಿ ಮಂಗೋಲರು ಕಾಯ್‌ಫೆಂಗ್ ನಗರವನ್ನು ಮುತ್ತಿದರು. ಮುತ್ತಿಗೆಯ ಬಳಿಕ ಹಬ್ಬಿದ ರೋಗದಲ್ಲಿ, ಐವತ್ತು ದಿನಗಳೊಳಗೆ ನಗರದ್ವಾರಗಳಿಂದ ಒಂಬತ್ತು ಲಕ್ಷಕ್ಕೂ ಮಿಕ್ಕಿ ಶವಗಳು ಹೊರಬಿದ್ದವೆಂದು ಆ ರಾಜ್ಯದ ಅಧಿಕೃತ ಚರಿತ್ರೆ ಹೇಳುತ್ತದೆ. ಸಂಖ್ಯೆ ಉತ್ಪ್ರೇಕ್ಷೆಯಿರಬಹುದು, ದುರಂತ ಉತ್ಪ್ರೇಕ್ಷೆಯಲ್ಲ. ವೈದ್ಯರು ಅದನ್ನು ಹೊರಗಿನ ಶೀತದ ಜ್ವರವೆಂದೇ ಬಗೆದು ಬೆವರಿಸಿದರು, ಭೇದಿ ಮಾಡಿಸಿದರು, ರೋಗಿಗಳು ಸತ್ತರು. ತಿಂಗಳುಗಟ್ಟಲೆ ಹಸಿವು, ಭಯ, ದಣಿವುಗಳಿಂದ ಜಠರ ಸೋತಿದೆ. ಒಳಗಿನ ಆ ಸೋಲೇ ಜ್ವರವಾಗಿ ಕಾಣುತ್ತಿದೆ ಎಂದು ಲಿ ಗಾವ್ ಕಂಡುಕೊಂಡನು. ಹುವಾಂಗ್‌ಚಿಯನ್ನು ಮುಖ್ಯವಾಗಿರಿಸಿ, ಜಿನ್ಸೆಂಗ್, ಬಾಯ್‌ಝು, ಜ್ಯೇಷ್ಠಮಧು, ದಾಂಗ್‌ಗುಯಿ, ಒಣಗಿಸಿದ ಕಿತ್ತಳೆ ಸಿಪ್ಪೆಗಳ ಜೊತೆಗೆ ಶಕ್ತಿಯನ್ನು ಮೇಲೆತ್ತುವ ಇನ್ನೆರಡು ಬೇರುಗಳನ್ನು ಸೇರಿಸಿದ ಅವನ ಕಷಾಯ ಇಂದಿಗೂ ಪೂರ್ವ ಏಷ್ಯದಲ್ಲಿ ಬಳಕೆಯಲ್ಲಿದೆ. ಝಾಂಗ್ ಮತ್ತು ಲಿ ಇಬ್ಬರಲ್ಲಿ ಯಾರು ಸರಿ ಎಂದು ಕೇಳುವುದಕ್ಕಿಂತ, ಅವರ ಮುಂದೆ ಕುಳಿತಿದ್ದ ರೋಗಿಗಳು ಯಾರೆಂದು ಕೇಳುವುದು ಉಚಿತ. ಹಸಿದು ಬಂದವನಿಗೆ ಲಿ ಗಾವ್ ಬೇಕು. ಮುಂದಿನ ಶತಮಾನಗಳಲ್ಲಿ ಅವನ ಕಷಾಯವನ್ನು ಕುಡಿದವರಲ್ಲಿ ಬಹುಮಂದಿ ಉಂಡು ತೇಗಿದವರು ಎಂಬುದೇ ವಿಪರ್ಯಾಸ.

ಮಿಂಗ್ ರಾಜವಂಶದ ಕೊನೆಯ ಹೊತ್ತಿಗೆ ಜಿನ್ಸೆಂಗ್ ಮತ್ತು ಬೇಯಿಸಿದ ದಿಹುವಾಂಗ್‌ಗಳ ಪ್ರತಿಷ್ಠೆ ತುತ್ತತುದಿಗೇರಿತು. ಝಾಂಗ್ ಜಿಯೆಬಿನ್ (1563–1640) ಎಂಬ ವೈದ್ಯ ಇವೆರಡನ್ನು ಒಳ್ಳೆಯ ಮಂತ್ರಿಗಳೆಂದೂ, ವತ್ಸನಾಭಿಯ ಜಾತಿಯ ಬೇರು ಮತ್ತು ರೇವಲಚಿನ್ನಿಗಳನ್ನು ಒಳ್ಳೆಯ ಸೇನಾಪತಿಗಳೆಂದೂ ಕರೆದನು. ದಿಹುವಾಂಗ್‌ನ ಮೇಲಿನ ಅವನ ವ್ಯಾಮೋಹ ಕಂಡು ಜನ ಅವನಿಗೆ ‘ದಿಹುವಾಂಗ್ ಝಾಂಗ್’ ಎಂದೇ ಅಡ್ಡಹೆಸರಿಟ್ಟರು. ಹೀಗೆ ಕೀರ್ತಿ ಏರುತ್ತಿದ್ದಾಗ ಬೇರು ಮಾತ್ರ ಕಾಣೆಯಾಗುತ್ತಿತ್ತು. ಪ್ರಾಚೀನ ಕಾಲದಲ್ಲಿ ಶ್ರೇಷ್ಠ ಜಿನ್ಸೆಂಗ್‌ಗೆ ಹೆಸರಾದದ್ದು ಷಾನ್ಶಿ ಪ್ರಾಂತದ ಷಾಂಗ್‌ದಾಂಗ್ ಬೆಟ್ಟಸೀಮೆ. ಲಿ ಷಿಝೆನ್ (1518–1593) ತನ್ನ 1892 ದ್ರವ್ಯಗಳ ಮಹಾಕೋಶದಲ್ಲಿ ಅಲ್ಲಿನ ಜನ ಅದನ್ನು ಊರಿಗೊಂದು ಪೀಡೆಯೆಂದು ಬಗೆದು ಕೀಳುವುದನ್ನೇ ಬಿಟ್ಟರೆಂದು ದಾಖಲಿಸಿದ್ದಾನೆ. ಸರ್ಕಾರ ಕಾಣಿಕೆಯಾಗಿ ಕೇಳುವ ವಸ್ತು ತನ್ನ ಹಿತ್ತಲಲ್ಲಿ ಬೆಳೆಯುವುದು ಬಡವನಿಗೆ ಭಾಗ್ಯವೇನಲ್ಲ. ಇಂದು ಆ ಸೀಮೆಯ ಹೆಸರನ್ನು ಹೊತ್ತಿರುವ ‘ದಾಂಗ್‌ಷೆನ್’ ಬೇರೆಯೇ ಕುಲದ ಅಗ್ಗದ ಬೇರು. ಭಾರತದಲ್ಲಿ ಅಶ್ವಗಂಧಕ್ಕೆ ವ್ಯಾಪಾರಿಗಳು ‘ಭಾರತೀಯ ಜಿನ್ಸೆಂಗ್’ ಎಂದು ಹೆಸರಿಟ್ಟಿರುವುದೂ ಇಂಥದೇ ಜಾಣತನ. ಅಶ್ವಗಂಧ ಬದನೆಯ ಕುಟುಂಬಕ್ಕೆ ಸೇರಿದ್ದು, ಜಿನ್ಸೆಂಗ್‌ಗೂ ಅದಕ್ಕೂ ಸಸ್ಯಶಾಸ್ತ್ರದ ನಂಟಿಲ್ಲ.

ಹೀಗೆ ಜಿನ್ಸೆಂಗ್‌ನ ನೆಲೆ ಈಶಾನ್ಯದ ಮಂಚೂರಿಯ ಮತ್ತು ಕೊರಿಯಗಳಿಗೆ ಸರಿಯಿತು. ಮಂಚು ನಾಯಕ ನುರ್ಹಾಚಿಯ ಏಳಿಗೆಯಲ್ಲಿ ಈ ಬೇರಿಗೂ ಪಾಲಿದೆ. ಹಸಿಬೇರು ಬೇಗ ಕೊಳೆಯುತ್ತದೆಂದು ತಿಳಿದಿದ್ದ ಮಿಂಗ್ ವರ್ತಕರು ಕೊಳ್ಳುವುದನ್ನು ಬೇಕೆಂದೇ ತಡಮಾಡಿ ಬೆಲೆ ಇಳಿಸುತ್ತಿದ್ದರು. ಆತ ಬೇಯಿಸಿ ಒಣಗಿಸಿಡುವ ಕ್ರಮವನ್ನು ಜಾರಿಗೆ ತಂದು, ನಿಧಾನವಾಗಿ ತನ್ನ ಬೆಲೆಗೆ ಮಾರಿದನೆಂದು ಮಂಚು ದಾಖಲೆಗಳು ಹೇಳುತ್ತವೆ. 1644ರಲ್ಲಿ ಅವನ ವಂಶ ಬೀಜಿಂಗ್‌ನ ಸಿಂಹಾಸನವೇರಿದ ಮೇಲೆ ಕಾಡು ರಾಜನ ಸೊತ್ತಾಯಿತು. ಪರವಾನಗಿಯಿಲ್ಲದೆ ಅಗೆದವರಿಗೆ ಕಠಿಣ ಶಿಕ್ಷೆಯಾಯಿತು. 1709ರಲ್ಲಿ ನಕ್ಷೆ ತಯಾರಿಸಲು ಅಲ್ಲಿಗೆ ಹೋಗಿದ್ದ ಫ್ರೆಂಚ್ ಜೆಸ್ಯೂಟ್ ಪಾದ್ರಿ ಝಾರ್ತೂ, ಚಕ್ರವರ್ತಿಯ ಆಜ್ಞೆಯಂತೆ ಹತ್ತು ಸಾವಿರ ಮಂದಿ ಬೇರು ಹುಡುಕುತ್ತಿರುವುದನ್ನು ವರ್ಣಿಸಿದ್ದಾನೆ. ಅವರು ಅರಮನೆಗೆ ಒಪ್ಪಿಸಬೇಕಾದ ಪಾಲು ಹೋಗಿ ಮಿಕ್ಕದ್ದಕ್ಕೆ ತೂಕಕ್ಕೆ ತೂಕ ಬೆಳ್ಳಿ. ತಾನೇ ಅರ್ಧ ಬೇರನ್ನು ತಿಂದು ನೋಡಿ, ಒಂದು ಗಂಟೆಯಲ್ಲಿ ನಾಡಿ ಬಲವಾಯಿತು, ಹಸಿವು ಹೆಚ್ಚಿತು ಎಂದೂ ಆತ ಬರೆದನು.

ಬೆಳ್ಳಿಯ ತೂಕದ ಈ ಬೇರು ಚೀನೀ ಮನೆಗಳೊಳಗೆ ಏನು ಮಾಡಿತೆಂಬುದಕ್ಕೆ ಒಳ್ಳೆಯ ಸಾಕ್ಷಿ ಒಂದು ಕಾದಂಬರಿಯಲ್ಲಿದೆ. 18ನೆಯ ಶತಮಾನದ ‘ಕೆಂಪು ಭವನದ ಕನಸು’ ಕೃತಿಯ ಕರ್ತೃ ತ್ಸಾವ್ ಶ್ಯುಚಿನ್, ಜಿನ್ಸೆಂಗ್ ಪ್ರಿಯನಾಗಿದ್ದ ಅದೇ ತ್ಸಾವ್ ಯಿನ್‌ನ ಮೊಮ್ಮಗ. ತಾತನ ಸಾವಿನ ನಂತರ ಅರಮನೆಯ ಜಿನ್ಸೆಂಗ್ ದಾಸ್ತಾನನ್ನು ದಕ್ಷಿಣದಲ್ಲಿ ಮಾರುವ ಹೊಣೆ ಆ ಮನೆತನದ ಕೈಗೂ ಬಂದಿತ್ತು. ಕಾದಂಬರಿಯ 12ನೆಯ ಅಧ್ಯಾಯದಲ್ಲಿ ಸಾಯುತ್ತಿರುವ ಜಿಯಾ ರೂಯಿಗೆ ಬರಿಯ ಜಿನ್ಸೆಂಗ್‌ನ ಕಷಾಯ ಬೇಕಾಗುತ್ತದೆ. ಅವನ ತಾತ ಬಡ ಉಪಾಧ್ಯಾಯ. ಸಿರಿವಂತ ಬಂಧುಗಳ ಮನೆಗೆ ಹೋಗಿ ಬೇಡುತ್ತಾನೆ. ಎರಡು ಲಿಯಾಂಗ್, ಅಂದರೆ ಸುಮಾರು 75 ಗ್ರಾಂ, ತೂಗಿ ಕೊಡೆಂದು ಹಿರಿಯಳು ಹೇಳಿದರೂ ಮನೆಯ ಆಡಳಿತ ನಡೆಸುವ ವಾಂಗ್ ಶಿಫೆಂಗ್ ಒಂದಿಷ್ಟು ಪುಡಿಚೂರುಗಳನ್ನು ಕಳುಹಿಸಿ, ಹೇಳಿದಷ್ಟೂ ಕೊಟ್ಟೆನೆಂದು ವರದಿ ಮಾಡುತ್ತಾಳೆ. 77ನೆಯ ಅಧ್ಯಾಯದಲ್ಲಿ ಅದೇ ಶಿಫೆಂಗ್ ರೋಗಿ. ಅವಳ ಗುಳಿಗೆಗೆ ಬೇಕಾದದ್ದು ಅದೇ ಎರಡು ಲಿಯಾಂಗ್. ಇಡೀ ಮಹಲನ್ನು ಜಾಲಾಡಿದರೂ ಕೂದಲ ಸೂಜಿಯಷ್ಟು ತೆಳುವಾದ ಕೆಲವು ಚೂರುಗಳಲ್ಲದೆ ಸಿಗುವುದಿಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿ ಬೆರಳ ಗಾತ್ರದ ಬೇರುಗಳ ಪೊಟ್ಟಣವಿದೆ; ವೈದ್ಯ ನೋಡಿ, ಇದು ಹಳತಾಗಿ ಕೊಳೆತ ಕಟ್ಟಿಗೆಯಂತಾಗಿದೆ, ಸತ್ವವಿಲ್ಲ ಎನ್ನುತ್ತಾನೆ. ಪೇಟೆಯ ಬೇರನ್ನು ತುಂಡರಿಸಿ, ಬೇರೆಯದರ ತಲೆ, ಎಳೆಗಳನ್ನು ಅಂಟಿಸಿ ಮಾರುತ್ತಾರೆಂಬ ವ್ಯಾಪಾರದ ಗುಟ್ಟೂ ಅಲ್ಲಿಯೇ ಬರುತ್ತದೆ. ಒಂದು ಮನೆತನದ ಪತನವನ್ನು ಒಂದು ಪೊಟ್ಟಣ ಬೇರಿನಲ್ಲಿ ಇಷ್ಟು ಸಹಜವಾಗಿ ತೋರಿಸಿದ ಕೃತಿ ಅಪೂರ್ವ.

ಕಾದಂಬರಿಕಾರ ಕಂಡದ್ದನ್ನೇ ಅದೇ ಕಾಲದ, ಸುಝೌ ಸೀಮೆಯ ವೈದ್ಯ ಶು ದಾಚುನ್ (1693–1771) ವೈದ್ಯನ ಕಣ್ಣಿನಿಂದ ಕಂಡನು. 1757ರ ಅವನ ಪ್ರಬಂಧಸಂಗ್ರಹದಲ್ಲಿ ಜಿನ್ಸೆಂಗ್‌ಗೇ ಮೀಸಲಾದ ಒಂದು ಪ್ರಬಂಧವಿದೆ. ಜನರ ಜೀವ ತೆಗೆಯುವ ವಸ್ತುಗಳಿವೆ, ಮನೆ ಮುರಿಯುವ ವಸ್ತುಗಳಿವೆ. ಮೊದಲು ಮನೆ ಮುರಿದು ಆಮೇಲೆ ಜೀವ ತೆಗೆಯುವುದು ಜಿನ್ಸೆಂಗ್ ಎಂಬುದು ಅವನ ಆರೋಪದ ತಿರುಳು. ಅವನ ವಾದದ ವೈದ್ಯಕೀಯ ಭಾಗ ಹಳೆಯದು: ರೋಗ ಒಳಗಿರುವಾಗಲೇ ತುಂಬಿದರೆ, ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಹೊಸದೆಂದರೆ ಸಮಾಜದ ಕುರಿತ ಅವನ ನೋಟ. ಬೆಲೆ ಹೆಚ್ಚಿದ್ದರಿಂದಲೇ ಜನ ಜಿನ್ಸೆಂಗ್ ಅನ್ನು ಶ್ರೇಷ್ಠವೆಂದು ನಂಬುತ್ತಾರೆ. ತಂದೆಗೋ ತಾಯಿಗೋ ಕಾಯಿಲೆಯಾದಾಗ ಅದನ್ನು ಕೊಡಿಸದ ಮಗ ಊರವರ ಕಣ್ಣಿನಲ್ಲಿ ಕೃತಘ್ನ; ಕೊಡಿಸಿದರೆ, ರೋಗಿ ಸತ್ತರೂ, ತನ್ನ ಕರ್ತವ್ಯ ಮುಗಿಯಿತೆಂಬ ಸಮಾಧಾನ. ವೈದ್ಯನಿಗೂ ಇದರಿಂದ ರಕ್ಷಣೆ: ಜಿನ್ಸೆಂಗ್ ಕೊಟ್ಟ ಮೇಲೂ ಸತ್ತರೆ ಅದು ವಿಧಿ, ರೇವಲಚಿನ್ನಿ ಕೊಟ್ಟು ಸತ್ತರೆ ಕೊಂದವನು ವೈದ್ಯ. ಹೀಗೆ ಮಗನ ಅಪವಾದದ ಭಯ, ವೈದ್ಯನ ಅಪವಾದದ ಭಯ ಎರಡೂ ಸೇರಿ ಚೀಟಿಯಲ್ಲಿ ಜಿನ್ಸೆಂಗ್‌ನ ಹೆಸರು ಬರೆಸುತ್ತವೆ. ರೋಗಿಯ ನಾಡಿಯನ್ನು ಕೇಳುವವರೇ ಇಲ್ಲ. ಸಾಧಾರಣ ಸ್ಥಿತಿವಂತರು ಸಾಲದಲ್ಲಿ ಮುಳುಗಿ, ಸತ್ತವರ ಉತ್ತರಕ್ರಿಯೆಗೂ ಉಳಿದವರ ಊಟಕ್ಕೂ ಹಣವಿಲ್ಲದೆ ಪರದಾಡುವುದನ್ನು ಅವನು ಕಂಡಿದ್ದನು.

ಶು ದಾಚುನ್ ಜಿನ್ಸೆಂಗ್‌ನ ಗುಣವನ್ನು ಅಲ್ಲಗಳೆದವನಲ್ಲ. ನಿಜವಾದ ಕೊರತೆಯಿದ್ದಲ್ಲಿ ಅದನ್ನು ಒಪ್ಪಿದವನೇ. ಎಲ್ಲ ರೋಗಕ್ಕೂ ಆರು ದ್ರವ್ಯ, ಎಂಟು ದ್ರವ್ಯಗಳ ಗುಳಿಗೆಗಳನ್ನೇ ಹೇಳುತ್ತಿದ್ದ ಝಾವ್ ಶಿಯಾನ್‌ಕೆಯ ಗ್ರಂಥವನ್ನು ಖಂಡಿಸಲೆಂದೇ ಇನ್ನೊಂದು ಪುಸ್ತಕವನ್ನೂ ಆತ ಬರೆದನು. ಇಂಥ ನಿಷ್ಠುರತೆಯ ಫಲವಾಗಿ ಅವನಿಗೆ ವಿರೋಧಿಗಳಿದ್ದರು, ಕೀರ್ತಿಗೆ ಕೊರತೆಯಾಗಲಿಲ್ಲ. ಚಕ್ರವರ್ತಿ ಚಿಯಾನ್‌ಲೋಂಗ್ ಅವನನ್ನು ಎರಡು ಬಾರಿ ಬೀಜಿಂಗ್‌ಗೆ ಕರೆಸಿದನು. ಎರಡನೆಯ ಬಾರಿ, ಎಪ್ಪತ್ತು ದಾಟಿದ್ದ ವೈದ್ಯ ರಾಜಧಾನಿಯಲ್ಲಿಯೇ ತೀರಿಕೊಂಡನು.

ಅಷ್ಟರಲ್ಲಿ ಜಗತ್ತಿನ ಇನ್ನೊಂದು ತುದಿಯಿಂದ ಬೇರು ಬರತೊಡಗಿತ್ತು. ಈ ಗಿಡ ಬೇರೆಲ್ಲಾದರೂ ಇದ್ದರೆ ಅದು ಕೆನಡಾದಲ್ಲಿರಬೇಕೆಂದು ಝಾರ್ತೂ ತನ್ನ 1711ರ ಪತ್ರದಲ್ಲಿ ಊಹಿಸಿದ್ದನು. ಅದನ್ನೋದಿದ ಪಾದ್ರಿ ಲಾಫಿತೋ 1716ರಲ್ಲಿ ಮಾಂಟ್ರಿಯಲ್ ಬಳಿ ಗಿಡವನ್ನು ಕಂಡನು. ಅದನ್ನು ತಮ್ಮ ನಿತ್ಯದ ಮದ್ದೆಂದು ಗುರುತಿಸಿದವಳು ಒಬ್ಬ ಮೋಹಾಕ್ ಹೆಂಗಸು. ವ್ಯಾಪಾರ ಭರದಿಂದ ಬೆಳೆಯಿತು. ಲಾಭದ ಆತುರದಲ್ಲಿ ಅಕಾಲದಲ್ಲಿ ಅಗೆದು, ಒಲೆಯಲ್ಲಿ ದಿಢೀರನೆ ಒಣಗಿಸಿದ ಬೇರನ್ನು ಚೀನಾದ ವರ್ತಕರು ತಿರಸ್ಕರಿಸಿದಾಗ, 1750ರ ದಶಕದಲ್ಲಿ ಕೆನಡಾದ ಈ ವ್ಯಾಪಾರ ಕುಸಿಯಿತು. 1784ರಲ್ಲಿ ನ್ಯೂಯಾರ್ಕ್‌ನಿಂದ ಕ್ಯಾಂಟನ್‌ಗೆ ಹೊರಟ ಅಮೆರಿಕದ ಮೊದಲ ಹಡಗಿನಲ್ಲಿ ಸುಮಾರು 30 ಟನ್ ಜಿನ್ಸೆಂಗ್ ಇತ್ತು. ಚೀನೀ ವೈದ್ಯರು ಹೊಸ ಬೇರನ್ನು ಹಳೆಯದರ ನಕಲೆಂದು ಸ್ವೀಕರಿಸಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ವು ಯಿಲುವೋ ಎಂಬಾತ ತನ್ನ ದ್ರವ್ಯಗ್ರಂಥದಲ್ಲಿ ಅದನ್ನು ತಂಪು ಗುಣದ್ದೆಂದು ಬೇರೆಯೇ ದಾಖಲಿಸಿದನು. ಆ ಗ್ರಂಥದ ವರ್ಷವೂ 1757. ಮಂಚೂರಿಯದ ಬೇರು ಬಿಸಿ ಮಾಡಿ ‘ಚಿ’ಯನ್ನು ತುಂಬಿದರೆ, ಅಮೆರಿಕದ್ದು ಒಣಗಿದ ‘ಯಿನ್’ ಅನ್ನು ತಣಿಸುತ್ತದೆ ಎಂಬ ಭೇದವನ್ನು ಅಂಗಡಿಯವರು ಇಂದಿಗೂ ಪಾಲಿಸುತ್ತಾರೆ.

ಈಗ ಪೇಟೆಯಲ್ಲಿ ಸಿಗುವ ಜಿನ್ಸೆಂಗ್ ಬಹುಪಾಲು ನೆರಳುಚಪ್ಪರದ ಕೆಳಗೆ ನಾಲ್ಕರಿಂದ ಆರು ವರ್ಷ ಬೆಳೆಸಿದ್ದು. 19ನೆಯ ಶತಮಾನದ ಆರಂಭದಲ್ಲಿ ಚಿಂಗ್ ಅರಮನೆ ನೆಟ್ಟು ಬೆಳೆಸಿದ ಬೇರನ್ನು ಕಲಬೆರಕೆಯೆಂದು ಬಗೆದು ಶಿಕ್ಷಿಸುತ್ತಿತ್ತು. ಕಾಡಿನ ಬೇರು ಉಳಿದಿರುವ ಅಮೆರಿಕದಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಮೇರೆಗೆ 1975ರಿಂದ ಅದರ ರಫ್ತಿಗೆ ನಿರ್ಬಂಧವಿದೆ. ಕಾಡುಬೇರಿಗೆ ಕನಿಷ್ಠ ಐದು ವರ್ಷ ತುಂಬಿರಬೇಕು. ಪ್ರತಿ ಶರತ್ಕಾಲದಲ್ಲಿ ಕಾಂಡ ಒಣಗಿ ಉದುರಿದಾಗ ಬೇರಿನ ಕುತ್ತಿಗೆಯ ಮೇಲೆ ಒಂದು ಮಚ್ಚೆ ಉಳಿಯುತ್ತದೆ. ಅವುಗಳನ್ನು ಎಣಿಸಿ ವಯಸ್ಸನ್ನು ತಿಳಿಯುತ್ತಾರೆ.